ಕಾಲಡಿಯ ಹುರುಪೆ

ಏನೋ ಹೊಳೆಯಿತು, ಎದುರು ಸೀಟಿನ ಕೆಳಗೆ, ಚಪ್ಪಲಿಗಳ ನಡುವೆ, ಉಗುರಿನಷ್ಟೇ ಅಗಲ, ಬಿಳಿಯೂ ಅಲ್ಲ ನೀಲಿಯೂ ಅಲ್ಲ, ಕಿಟಕಿಯ ಬಿಸಿಲು ಬಿದ್ದಾಗ ಮಿನುಗುತ್ತದೆ, ಕಂಬದ ನೆರಳು ಹಾದಾಗ ಆರುತ್ತದೆ, ಮತ್ತೆ ಮಿನುಗುತ್ತದೆ — ಭರತೇಶನ ಬಲಗಾಲು ಅವನನ್ನು ಕೇಳದೆಯೇ ಮುಂದೆ ಸರಿದು ಅದರ ಮೇಲೆ ಕೂತುಬಿಟ್ಟಿತು. ಕೂತ ಮೇಲೆ ಅವನಿಗೆ ಗೊತ್ತಾಯಿತು. ಚಮ್ಕಿ, ಬರೀ ಚಮ್ಕಿ, ಎದುರಿಗೆ ಅಮ್ಮನ ತೊಡೆಯ ಮೇಲೆ ನಿದ್ದೆ ಹೋದ ಹೆಣ್ಣುಮಗುವಿನ ಲಂಗದಿಂದ ಉದುರಿದ್ದು, ಲಂಗದ ತುಂಬ ಅಂಥವೇ ಇವೆ, ಒಂದು ಉದುರಿದರೆ ಯಾರ ಗಂಟೇನು ಹೋಯಿತು, ಕಾಲು ತೆಗೆಯೋ ಮಾರಾಯ ಎಂದು ತನಗೆ ತಾನೇ ಹೇಳಿಕೊಂಡ, ಕಾಲು ತೆಗೆಯಲಿಲ್ಲ. ರೈಲು ದುವ್ವಾಡ ಬಿಟ್ಟು ಎಷ್ಟೋ ಹೊತ್ತಾಗಿದೆ, ಅನಕಾಪಲ್ಲಿಯ ಬೆಲ್ಲದ ವಾಸನೆ ಬಂತೋ, ಬಂದಂತೆ ಅನ್ನಿಸಿತೋ, ಇನ್ನು ತುನಿ, ಸಾಮಲಕೋಟ, ಗೋದಾವರಿ, ಏಲೂರು, ಆಮೇಲೆ ವಿಜಯವಾಡ, ವಿಜಯವಾಡದಲ್ಲಿ ಲಾಯರ್ ರಾಜ್ಯಲಕ್ಷ್ಮಿಯವರ ಆಫೀಸು, ಆಫೀಸಿನಲ್ಲಿ ಟೈಪಾಗಿ ಕಾಯುತ್ತಿರುವ ಅಫಿಡವಿಟ್ಟು, ಅಫಿಡವಿಟ್ಟಿನಲ್ಲಿ ಒಂದು ಸಾಲು — ಉದಯ್ ಎಂಬಾತ ನನ್ನ ತಮ್ಮನಲ್ಲ. ಅದರ ಕೆಳಗೆ ಒಂದು ಸಹಿ. ಅಷ್ಟೇ. ಇರುವ ನಿಜವನ್ನೇ ಬರೆದು ಸಹಿ ಹಾಕುವುದಕ್ಕೆ ಇಷ್ಟು ಹಿಂದೆಮುಂದೆ ನೋಡಬೇಕೆ, ಬ್ಯಾಂಕಿಗೆ ಸೇರಿದಂದಿನಿಂದ ಅವನು ಹಾಕಿದ ಸಹಿಗಳನ್ನು ಉದ್ದಕ್ಕೆ ಜೋಡಿಸಿದರೆ ಪೆಂಡುರ್ತಿಯಿಂದ ತನ್ನೂರು ಹುಕ್ಕೇರಿಗೆ ಹೋಗಿ ಬರಬಹುದು, ಒಂದಕ್ಕೂ ಎರಡನೇ ಸಲ ಯೋಚಿಸಿರಲಿಲ್ಲ.

ಇದೆಲ್ಲ ಶುರುವಾದದ್ದು ಅಮೀನ ಬಂದ ದಿನ. ವಿಶಾಖಪಟ್ಟಣದ ಪೆಂಡುರ್ತಿ ಶಾಖೆಯಲ್ಲಿ ಸಾಲ ವಸೂಲಿ ನೋಡಿಕೊಳ್ಳುವವನು ಇವನೇ ಅಲ್ಲವೆ, ಆ ಹೊತ್ತಿಗೆ ಎದುರಿಗೆ ಕೂತಿದ್ದ ಹಿಟ್ಟಿನ ಗಿರಣಿಯವನಿಗೆ ಬುದ್ಧಿ ಹೇಳುತ್ತಿದ್ದ, ನೋಟೀಸು ಬಂದ ಕೂಡಲೆ ಓಡಿ ಬರಬೇಕಂಡಿ, ಸುಮ್ಮನೆ ಕೂತರೆ ಕೋರ್ಟು ನಿಮ್ಮನ್ನು ಕೇಳದೆಯೇ ತೀರ್ಪು ಕೊಟ್ಟುಬಿಡುತ್ತದೆ, ಆಮೇಲೆ ಅತ್ತರೆ ಪ್ರಯೋಜನವಿಲ್ಲ — ಹಾಗೆ ಹೇಳುತ್ತಿದ್ದ ಬಾಯಿ ಇನ್ನೂ ತೆರೆದೇ ಇತ್ತು, ಕೋರ್ಟಿನ ಅಮೀನ ಬಗಲಲ್ಲಿ ಚೀಲ ಸಿಕ್ಕಿಸಿಕೊಂಡು ನೇರ ಮ್ಯಾನೇಜರ್ ಈಶ್ವರಯ್ಯನವರ ಕ್ಯಾಬಿನ್ನಿಗೆ ಹೋದ, ಗಾಜಿನ ಆಚೆ ಈಶ್ವರಯ್ಯ ಕಾಗದ ನೋಡಿ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಇವನ ಕಡೆ ನೋಡಿದರು. ಏಮಯ್ಯಾ ಭರತೇಶ್, ಇದಿ ನೀದೇನಾ. ನಂದೇ ಸರ್, ಹೆಸರು ನಂದೇ, ಉಳಿದದ್ದು ಯಾರದೋ ಗೊತ್ತಿಲ್ಲ. ವಿಜಯವಾಡದ ಕೋರ್ಟಿನ ಹುಕುಂ, ಭವಾನಿಪುರಂನ ಮನೆಯ ಬಾಡಿಗೆ ಬಾಕಿ, ಬಡ್ಡಿ, ಖರ್ಚು, ವಾದಿ ಹೈಮಾವತಿ, ಪ್ರತಿವಾದಿ ಭರತೇಶ, ಪ್ರತಿವಾದಿಗೆ ಸಮನ್ಸ್ ಮುಟ್ಟಿಯೂ ಹಾಜರಾಗದ್ದರಿಂದ ಏಕಪಕ್ಷೀಯ ತೀರ್ಪು, ಬಾಕಿ ತೀರುವವರೆಗೆ ತಿಂಗಳು ತಿಂಗಳು ಸಂಬಳದಲ್ಲಿ ಮೂರರಲ್ಲೊಂದು ಪಾಲು ಹಿಡಿದು ಕೋರ್ಟಿಗೆ ಕಟ್ಟತಕ್ಕದ್ದು. ಹೈಮಾವತಿ, ಅಂದರೆ ಹೈಮಾವತಮ್ಮಗಾರೇ? ತನ್ನನ್ನು ಬಾಬು ಎಂದು ಕರೆಯುತ್ತಿದ್ದ ಮನೆಯೊಡತಿ ಅಮ್ಮನೇ? ಆ ಮನೆ ಬಿಟ್ಟು ವಿಶಾಖಪಟ್ಟಣಕ್ಕೆ ಬಂದು ಮೂರು ವರ್ಷದ ಮೇಲಾಯಿತು, ಬಿಡುವಾಗ ಒಂದು ಪೈಸೆ ಬಾಕಿ ಇಟ್ಟಿರಲಿಲ್ಲ, ಕರೆಂಟು ಬಿಲ್ಲು ಕೂಡ ಕಟ್ಟಿ ಬಂದಿದ್ದ. ಹಿಟ್ಟಿನ ಗಿರಣಿಯವನು ಎದ್ದು ನಿಂತು, ಸಾರ್, ನಾನು ನಾಳೆ ಬರ್ಲಾ, ಎಂದು ಕೇಳಿದ್ದ. ಅವನ ದನಿಯಲ್ಲಿ ಕನಿಕರವಿತ್ತು. ಮೇಲಿನ ಆಫೀಸಿಗೆ ಈ ಕಾಗದ ಹೋಗುವುದರೊಳಗೆ ಹೋಗಿ ಏನಾದರೂ ಮಾಡಿಕೊಂಡು ಬಾ, ವಸೂಲಿ ಆಫೀಸರನ ಸಂಬಳವೇ ವಸೂಲಿಗೆ ಬಿತ್ತು ಅಂದರೆ ನಾನು ಯಾರಿಗೆ ಮುಖ ತೋರಿಸಲಿ ಎಂದರು ಈಶ್ವರಯ್ಯ, ಅವರ ಮುಖವನ್ನು ಯಾರು ನೋಡುತ್ತಾರೆ, ನೋಡುವುದು ತನ್ನ ಮುಖವನ್ನು, ಕ್ಯಾಶಿನಲ್ಲಿ ಕೂತ ಹುಡುಗಿ ಆಗಲೇ ನೋಡುತ್ತಿದ್ದಳು.

ತುನಿ ಬಂತು, ಹೋಯಿತು. ಯಾರೋ ಪುಳಿಹೋರದ ಡಬ್ಬಿ ತೆರೆದರು. ವಿಜಯವಾಡದ ಆ ಮನೆ ಅವನಿಗೆ ಬಂದದ್ದು ಮೊದಲು ಅಲ್ಲಿದ್ದ ಅಣ್ಣಪ್ಪನಿಂದ, ಆಂಧ್ರಕ್ಕೆ ವರ್ಗವಾಗಿ ಬರುವ ಕನ್ನಡದ ಬ್ಯಾಂಕಿನವರಲ್ಲಿ ಅದೊಂದು ಪದ್ಧತಿ, ಹೋಗುವವನು ಬರುವವನಿಗೆ ಮನೆ ದಾಟಿಸಬೇಕು, ಮನೆಯ ಜತೆಗೆ ಗ್ಯಾಸ್ ಒಲೆ, ಮರದ ಮಂಚ, ಹಾಲಿನವನ ನಂಬರು, ಯಾವ ಕಿರಾಣಿಯವನು ನಮ್ಮ ಕಡೆಯ ಜೋಳದ ಹಿಟ್ಟು ಇಡುತ್ತಾನೆ ಎಂಬ ಗುಟ್ಟು, ಎಲ್ಲ ಸೇರಿ ಒಂದು ಉಂಬಳಿ, ಮನೆ ಹುಡುಕುತ್ತ ಹೊಸ ಊರಿನಲ್ಲಿ ಅಲೆದವನಿಗೆ ಮಾತ್ರ ಅದರ ಬೆಲೆ ಗೊತ್ತು. ಅಣ್ಣಪ್ಪ ಹಾಗೆ ಕೊಟ್ಟ, ಇವನು ಹೊಸದಾಗಿ ಕರಾರು ಬರೆಸಿಕೊಂಡು ಸೇರಿದ. ಹೈಮಾವತಮ್ಮನದು ಒಂದೇ ಷರತ್ತು — ಕೆಳಗಿನ ಮನೆಗೆ ಮಾಂಸ ಮೀನು ಹೊಕ್ಕಕೂಡದು, ಮೇಲೆ ತನ್ನ ದೇವರ ಕೋಣೆ ಇದೆ. ಇವನನ್ನು ನೋಡಿ ಆಕೆಗಾದ ಸಂತೋಷ, ಜೈನರಂತೆ, ಉಳ್ಳಿಪಾಯ ಕೂಡ ಮುಟ್ಟುವುದಿಲ್ಲವಂತೆ, ಹೊತ್ತು ಮುಳುಗಿದ ಮೇಲೆ ಅನ್ನ ಉಣ್ಣುವುದಿಲ್ಲವಂತೆ ಎಂದು ಬೀದಿಗೆಲ್ಲ ಹೇಳಿದ್ದೇ ಹೇಳಿದ್ದು, ಸಂಜೆ ಬ್ಯಾಂಕಿನಿಂದ ಬರುವುದು ಸ್ವಲ್ಪ ತಡವಾದರೆ ಗೇಟಿನ ಹತ್ತಿರ ಸ್ಟೀಲಿನ ಡಬ್ಬಿ ಹಿಡಿದು ನಿಂತಿರುತ್ತಿದ್ದಳು, ಬೇಗ ತಿನ್ನು ಬಾಬು, ಹೊತ್ತು ಮುಳುಗುತ್ತಿದೆ, ಹೆಂಡತಿ ಶಾರದಾ ಒಳಗಿನಿಂದ ನಗುತ್ತಿದ್ದಳು, ನಿಮಗ ಇಲ್ಲೊಬ್ಬಾಕಿ ಅವ್ವ ಸಿಕ್ಕಾಳ ನೋಡ್ರಿ. ಆಮೇಲೆ ವರ್ಗ, ಆಮೇಲೆ ಉದಯ್. ಉಡುಪಿ ಕಡೆಯ ಹುಡುಗ, ಹೊಸ ಆಫೀಸರು, ಮದುವೆಯಿಲ್ಲ, ಮೀನಿಲ್ಲದೆ ಅನ್ನ ಇಳಿಯದು, ಪದ್ಧತಿಯಂತೆ ಮನೆ ಅವನಿಗೆ ದಾಟಬೇಕು, ದಾಟುವುದು ಹೇಗೆ. ಸರ್, ಎಂತ ಮಾಡುದು, ಬೇರೆ ಮನೆಗೆಲ್ಲ ಬಾಡಿಗೆ ಎರಡು ಪಾಲು ಹೇಳ್ತಾರೆ, ನಾನು ಹೊರಗೆ ಹೋಟ್ಲಲ್ಲಿ ತಿಂದು ಬರ್ತೇನೆ ಸರ್, ಮನೆಗೆ ತರುದೇ ಇಲ್ಲ. ಅವನ ಮುಖ ನೋಡಿ ಅಯ್ಯೋ ಅನ್ನಿಸಿತು. ಅಯ್ಯೋ ಅಂದರೆ ಆರು ತಿಂಗಳ ಆಯಸ್ಸು ಕಡಿಮೆ ಅನ್ನುತ್ತಾರಲ್ಲ, ಭರತೇಶನ ಪಾಲಿಗೆ ಮೂರು ವರ್ಷದ ಆಯಸ್ಸೇ ಹೋಯಿತು. ಅಮ್ಮಾ, ಇವನು ನಮ್ಮ ತಮ್ಮ, ಇದೇ ಊರಿಗೆ ಬಂದಿದ್ದಾನೆ, ಕರಾರು ನನ್ನ ಹೆಸರಿನಲ್ಲೇ ಇರಲಿ, ಬಾಡಿಗೆ ಇವನು ಕೊಡುತ್ತಾನೆ. ಎಷ್ಟು ಸಲೀಸಾಗಿ ಬಂತು ಮಾತು. ನಾಲ್ವರು ಅಕ್ಕತಂಗಿಯರ ನಡುವೆ ಒಬ್ಬನೇ ಗಂಡಾಗಿ ಬೆಳೆದವನು, ತಮ್ಮ ಎಂಬ ಮಾತನ್ನು ಯಾರಿಗೂ ಅಂದಿರಲಿಲ್ಲ, ಅಂದಾಗ ನಾಲಿಗೆಗೆ ಹಿತವಾಗಿತ್ತು, ಸುಳ್ಳು ಅನ್ನಿಸಲೇ ಇಲ್ಲ. ಹೈಮಾವತಮ್ಮ ಉದಯನ ಗದ್ದ ಹಿಡಿದು, ಅಣ್ಣನ ಹಾಗೇ ಇದ್ದಾನೆ, ಮೂಗು ನೋಡು, ಎಂದಳು.

ಮೂಗು! ಶಾರದಾ ಅದನ್ನೇ ಹಿಡಿದುಕೊಂಡು ವಾರವಿಡೀ ಕುಟ್ಟಿದಳು. ಎಲ್ಲೈತ್ರೀ ಆ ಮೂಗು, ನಿಮ್ಮದು ಗಿಣಿ ಮೂಗು, ಅವಂದು ಬದ್ನಿಕಾಯಿ, ಮದಿವ್ಯಾಗಿ ಇಷ್ಟ ವರ್ಷಾತು, ನನಗೊಬ್ಬ ಮೈದುನ ಅದಾನ ಅಂತ ಯಾರೂ ಹೇಳಿದ್ದಿಲ್ಲ ನೋಡ್ರಿ, ಊರಿಗೆ ಉಪಕಾರ ಮಾಡಬ್ಯಾಡ ಹೆಣಕ್ಕ ಶೃಂಗಾರ ಮಾಡಬ್ಯಾಡ ಅಂತ ಸುಮ್ನ ಅಂತಾರೇನು. ಅವಳು ಹೇಳಿದ್ದು ಸರಿ, ಅವಳು ಹೇಳುವುದೆಲ್ಲ ಸರಿ, ಅದೇ ತೊಂದರೆ. ಆಮೇಲೆ ಏನಾಯಿತು, ಯಾವಾಗ ಆಯಿತು, ಅವನಿಗೆ ಈಗಲೂ ನೆಟ್ಟಗೆ ಜೋಡಿಸಲು ಬರುತ್ತಿಲ್ಲ — ಉದಯ್ ಕೆಲ ತಿಂಗಳು ಬಾಡಿಗೆ ಕೊಟ್ಟ, ಆಮೇಲೆ ಶೇರಿನ ಹುಚ್ಚು ಹಿಡಿಯಿತು, ಸಂಬಳ ಬಂದ ದಿನವೇ ಮೊಬೈಲಿನಲ್ಲಿ ಕರಗುತ್ತಿತ್ತಂತೆ, ಅಮ್ಮ ಕೇಳಿದರೆ ಅಣ್ಣ ಕಳಿಸ್ತಾರೆ ಎಂದನಂತೆ, ಅಮ್ಮ ಇವನಿಗೆ ಒಮ್ಮೆ ಫೋನು ಮಾಡಿದಳು, ಮಾಡಿದ್ದು ನೆನಪಿದೆ, ವರ್ಷಾಂತ್ಯದ ಲೆಕ್ಕದ ಗಡಿಬಿಡಿ, ತಮ್ಮ ಕೊಡ್ತಾನಮ್ಮಾ, ನಾನು ಹೇಳ್ತೀನಿ ಎಂದ, ಹೇಳಿದ, ಹಾಕ್ತೆ ಸರ್ ಎಂದ ಅವನು, ಮುಗಿಯಿತು. ಆಕೆಯ ಮಗ ಸಾಯಿ ಬೇರೆ ನಂಬರಿನಿಂದ ಮಾಡಿದ ಫೋನುಗಳನ್ನು ಇವನು ಸಾಲ ಬೇಕಾ ಎಂದು ಪೀಡಿಸುವವರದೆಂದು ತಿಳಿದು ಕತ್ತರಿಸಿದ, ಸಾಲ ಕೊಡುವವನೇ ಸಾಲ ಕೊಡುವವರ ಕಾಟಕ್ಕೆ ಹೆದರಿ. ಸಾಯಿ ಕೇಸು ಹಾಕಿದ, ಕರಾರು ಯಾರ ಹೆಸರಿನಲ್ಲಿದೆಯೋ ಅವನ ಮೇಲೆ, ಕರಾರಿನಲ್ಲಿದ್ದ ವಿಳಾಸಕ್ಕೆ. ಆ ವಿಳಾಸದಲ್ಲಿದ್ದವನು ಉದಯ್.

ಲಾಯರ್ ರಾಜ್ಯಲಕ್ಷ್ಮಿಯ ದನಿ ಫೋನಿನಲ್ಲಿ ಕತ್ತರಿಯ ಹಾಗೆ, ನೋಡಿ ಭರತೇಶ್‌ಗಾರು, ಸಮನ್ಸ್ ನನಗೆ ಮುಟ್ಟಿಲ್ಲ ಅಂತೀರಿ, ಕೋರ್ಟಿನ ವರದಿಯಲ್ಲಿ ಮುಟ್ಟಿದೆ ಅಂತಿದೆ, ಪ್ರತಿವಾದಿ ಮನೆಯಲ್ಲಿರಲಿಲ್ಲ, ಅದೇ ಮನೆಯಲ್ಲಿ ವಾಸವಿರುವ ಪ್ರತಿವಾದಿಯ ತಮ್ಮ ಪಡೆದು ಸಹಿ ಮಾಡಿದ್ದಾರೆ, ಕುಟುಂಬದಲ್ಲಿ ವಯಸ್ಸಿಗೆ ಬಂದವರು ಯಾರು ತೆಗೆದುಕೊಂಡರೂ ನಿಮಗೇ ಮುಟ್ಟಿದ ಲೆಕ್ಕ, ಕಾನೂನು ಹಾಗಿದೆ, ಈಗ ಹೇಳಿ, ಅವನು ನಿಮ್ಮ ತಮ್ಮನೋ ಅಲ್ಲವೋ? ಅಲ್ಲ ಮೇಡಂ. ಅಲ್ಲ ಅಂದರೆ ಬರೆದು ಕೊಡಿ, ತೀರ್ಪು ಬಿದ್ದುಹೋಗುತ್ತದೆ, ಸಂಬಳ ಉಳಿಯುತ್ತದೆ, ಕೇಸು ಮೊದಲಿನಿಂದ ನಡೆಯುತ್ತದೆ. ಮತ್ತೆ ಅವನು? ಯಾರು, ಸಹಿ ಹಾಕಿದವನೇ? ಕೋರ್ಟಿನವರಿಗೆ ಸುಳ್ಳು ಹೇಳಿದ ಅಂತಾಗುತ್ತದೆ, ಅವನೂ ಬ್ಯಾಂಕಿನವನಲ್ಲವೆ, ಅಲ್ಲಿ ವಿಚಾರಣೆ ಆಗಬಹುದು, ಅದು ನಿಮ್ಮ ತಲೆನೋವಲ್ಲ. ತನ್ನ ತಲೆನೋವು ಯಾವುದು, ಅವನದು ಯಾವುದು, ತಲೆ ಮಾತ್ರ ಒಂದೇ ಇದ್ದಂತಿದೆ. ಉದಯ್ ಈಗ ಗುವಾಹಟಿಯಲ್ಲಿ, ವರ್ಗವಾಗಿ ಬೀಗದ ಕೈ ಮೇಲಿನ ಮನೆಗೆ ಕೊಟ್ಟು ಹೋದವನು, ಫೋನಿನಲ್ಲಿ ಮೂಗು ಸೊರಗುಟ್ಟುತ್ತ — ಸರ್, ಆ ಅಮೀನ ಬಾಗಿಲಲ್ಲಿ ನಿಂತ, ಅವನ ಹಿಂದೆ ಮೆಟ್ಟಿಲ ಮೇಲೆ ಅಮ್ಮ ನಿಂತಿದ್ರು, ನೀವು ಯಾರು ಅಂತ ಕೇಳಿದ, ಅಮ್ಮನ ಎದುರು ನಾನು ಬೇರೆ ಎಂತ ಹೇಳುದು ಸರ್, ತಮ್ಮ ಅಂದೆ, ಸಹಿ ಮಾಡಿದೆ, ತಾರೀಕಿಗೆ ಮುಂಚೆ ಕಟ್ಟಿಬಿಡುವಾ ಅಂತಿದ್ದೆ, ನಿಮಗೆ ಹೇಳ್ಲಿಕ್ಕೆ ಮುಖ ಬರ್ಲಿಲ್ಲ. ಅದೇ ಉಸಿರಿನಲ್ಲಿ, ಅಣ್ಣಾ, ನನ್ನ ಕೆಲಸ ಹೋಗ್ತದಾ. ಅಣ್ಣಾ ಅಂದ. ಇಷ್ಟು ವರ್ಷ ಅಮ್ಮನ ಎದುರು ಮಾತ್ರ ಅಣ್ಣ ಅನ್ನುತ್ತಿದ್ದವನು, ಬೆನ್ನು ತಿರುಗಿದ ಕೂಡಲೆ ಸರ್ ಅನ್ನುತ್ತಿದ್ದವನು, ಯಾರೂ ಕೇಳಿಸಿಕೊಳ್ಳದ ಕಡೆ ಅಣ್ಣಾ ಅಂದ, ಅದೂ ನಾಟಕವೋ, ಹೆದರಿಕೆಯೋ, ಬಾಯಿ ತಪ್ಪಿ ಬಂದದ್ದೋ. ಭರತೇಶ ಫೋನು ಇಟ್ಟುಬಿಟ್ಟ.

ಗೋದಾವರಿ. ಸೇತುವೆಯ ಕಬ್ಬಿಣದ ಸದ್ದು ಬೋಗಿಯೊಳಗೆ ತುಂಬಿತು, ಮಗು ಎದ್ದು ಕೂತಿತು, ಅದರ ಅಮ್ಮ ಕಿಟಕಿಯಿಂದ ನಾಣ್ಯ ಎಸೆದಳು, ಅದು ನೀರಿಗೆ ಬಿದ್ದಿತೋ ಸೇತುವೆಗೆ ತಗಲಿತೋ, ಗಾಳಿಯಲ್ಲಿ ಒಂದು ಕ್ಷಣ ಹೊಳೆದದ್ದು ಮಾತ್ರ ಕಂಡಿತು, ಅದೇ ಹೊಳಪು, ಉಗುರಗಲ, ಬಿಳಿಯೂ ಅಲ್ಲ ನೀಲಿಯೂ ಅಲ್ಲ — ಬೇಡ, ಅದನ್ನು ನೆನೆಯಬಾರದು ಅಂದುಕೊಂಡಷ್ಟೂ ಬರುತ್ತದೆ. ಆಗ ಉದಯ್ ಆ ಮನೆ ಸೇರಿ ಕೆಲವು ತಿಂಗಳಾಗಿತ್ತು, ತರಬೇತಿಗೆಂದು ವಿಜಯವಾಡಕ್ಕೆ ಹೋದ ಭರತೇಶ ಭವಾನಿಪುರಂಗೂ ಹೋಗಿದ್ದ, ಬಿಟ್ಟುಬಂದಿದ್ದ ಜಪದ ಮಣಿ ತರಲು, ಉದಯ್ ಒಳಗೆ ಹುಡುಕುತ್ತಿದ್ದ, ಇವನು ಚಪ್ಪಲಿ ಬಿಟ್ಟು ಹಿತ್ತಲಿಗೆ ಬಂದ, ನಲ್ಲಿಯ ಹತ್ತಿರ ನೆಲಕ್ಕೆ ಹಾಸಿದ ಬಟ್ಟೆ ಒಗೆಯುವ ಕಲ್ಲು, ಆ ಕಲ್ಲಿನ ಮೇಲೆ ಒಂದು ಹುರುಪೆ. ಮೀನಿನ ಮೈಮೇಲಿನ ಹುರುಪೆ. ಹುಟ್ಟಿದಾರಭ್ಯ ಅದನ್ನು ಹತ್ತಿರದಿಂದ ಕಂಡವನಲ್ಲ, ಆದರೂ ನೋಡಿದ ಕೂಡಲೆ ತಿಳಿಯಿತು, ತೊಳೆದವನು ಸರಿಯಾಗಿ ನೀರು ಹೊಯ್ದಿರಲಿಲ್ಲ, ಒದ್ದೆಯಲ್ಲೇ ಬಿಸಿಲಿಗೆ ಮಿನುಗುತ್ತಿತ್ತು, ಮತ್ತು ಅದೇ ಹೊತ್ತಿಗೆ ಮೆಟ್ಟಿಲ ಮೇಲಿಂದ ಹೈಮಾವತಮ್ಮ ಇಳಿದು ಬಂದಳು, ಬಾಬು, ಯಾವಾಗ ಬಂದೆ. ಅವನು ಕಾಲಿಟ್ಟ. ಬರಿಗಾಲು. ಉಳ್ಳಾಗಡ್ಡೆ ಮುಟ್ಟದ ವಂಶದ ಕಾಲು. ಹುರುಪೆ ಅಂಗಾಲಿಗೆ ಅಂಟಿತು, ತಣ್ಣಗೆ, ತೆಳ್ಳಗೆ, ಮುಖದ ಮೇಲೆ ನಗು ಇಟ್ಟುಕೊಂಡು ನಿಂತ. ಆಕೆಯೂ ಬಂದು ಕಲ್ಲಿನ ಆಚೆ ತುದಿಯ ಮೇಲೆ ನಿಂತಳು, ನಿಂತವಳು ಹೋಗಲೇ ಇಲ್ಲ. ಯಾವತ್ತೂ ಮೇಲೆ ಬಾ, ಕಾಫಿ ಕುಡಿ ಎನ್ನುವವಳು ಆ ದಿನ ಕರೆಯಲಿಲ್ಲ, ನಿನ್ನ ಮಗಳು ಧನ್ಯಾಳ ಓದು ಹೇಗಿದೆ, ವಿಶಾಖದಲ್ಲಿ ಸೆಕೆ ಹೇಗೆ, ದುರ್ಗಮ್ಮನ ಗುಡಿಯಲ್ಲಿ ಈ ಸಲ ಎಷ್ಟು ಜನ, ಒಂದಾದ ಮೇಲೆ ಒಂದು, ಮೇಲಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಕೂಗುತ್ತಲೇ ಇತ್ತು, ಆಕೆ ನಿಂತ ಕಡೆಯಿಂದ ಕದಲಲಿಲ್ಲ, ಇವನಿಗೆ ಬೆವರು. ಗೊತ್ತಾಗಿದೆಯೋ, ಗೊತ್ತಾಗಿಯೇ ಸತಾಯಿಸುತ್ತಿದ್ದಾಳೋ. ಕೊನೆಗೆ ಉದಯ್ ಮಣಿ ಹಿಡಿದು ಬಂದ, ಇವನು ಕಾಲನ್ನು ನೆಲಕ್ಕೆ ಉಜ್ಜುತ್ತ, ಕುಂಟಿದವನ ಹಾಗೆ ಹೊರಬಂದು, ಆಟೋ ಹತ್ತಿ, ಕೃಷ್ಣೆಯ ಘಾಟಿನಲ್ಲಿಳಿದು ಕಾಲು ತೊಳೆದ, ತೊಳೆದದ್ದೇ ತೊಳೆದದ್ದು. ಹುರುಪೆ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಅಂಟಿದ್ದು ಹೋಗಲಿಲ್ಲ, ಸ್ನಾನಕ್ಕೆ ನಿಂತಾಗ, ಬಸದಿಯ ಮೆಟ್ಟಿಲ ಮೇಲೆ, ಈಗ ರೈಲಿನಲ್ಲಿ, ಬಲಗಾಲಿನ ನಡುಮಧ್ಯೆ ಒಂದು ತಣ್ಣನೆಯ ಜಾಗ.

ಕೋರ್ಟಿಗೆ ಹೇಳೂಕಿಂತ ಮೊದಲ ಆ ಅಮ್ಮಗ ಹೇಳ್ರಿ. ಬೆಳಿಗ್ಗೆ ದುವ್ವಾಡಕ್ಕೆ ಆಟೋ ಹತ್ತುವಾಗ ಶಾರದಾ ಅಂದದ್ದು, ಅಷ್ಟು ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು, ಚಪಾತಿ ಕಟ್ಟಿಕೊಟ್ಟಿದ್ದಳು, ನಾ ನಿಮಗ ಸಹಿ ಮಾಡಬ್ಯಾಡ್ರಿ ಅನ್ನಂಗಿಲ್ಲ, ಮಗಳ ಕಾಲೇಜಿನ ಫೀ ಐತಿ, ಸಂಬಳಾನ ಕೈಗೆ ಬರಲಿಲ್ಲಂದ್ರ ಏನ್ ತಿನ್ನೂಣು, ಆದ್ರ ನಿಮ್ಮ ಬಾಯಿಂದ ಆಕಿ ಕೇಳ್ಲಿ, ಕೋರ್ಟ್ನ್ಯಾಗ ಯಾರೋ ಓದಿ ಹೇಳೂದು ಬ್ಯಾಡ, ಡಬ್ಬಿ ಹಿಡಕೊಂಡು ಗೇಟಿಗೆ ನಿಂತಾಕಿ ಆಕಿ. ಪಕ್ಕದಲ್ಲಿ ಧನ್ಯಾ, ನಾನ್ನಾ, ಆ ಮಾಮ್ಮಗಾರು ಮಂಚಿವಾಳ್ಳೇ ಕದಾ, ಅವರೇ ಹೆಂಗ ಕೇಸ್ ಹಾಕಿದ್ರು, ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಕೇಳಿದಳು. ಒಳ್ಳೆಯವರೇ, ಒಳ್ಳೆಯವರು ಕೇಸು ಹಾಕಬಾರದೆಂದು ಎಲ್ಲಿದೆ, ಬಾಡಿಗೆ ಆಕೆಯ ಕೈಖರ್ಚು, ಮಗನ ಮುಂದೆ ಕೈಯೊಡ್ಡದೆ ಔಷಧಿ ತರಿಸುತ್ತಿದ್ದುದು ಅದರಿಂದಲೇ, ಅದನ್ನು ತಿಂದವನು ಉದಯ್, ತಿನ್ನಲು ತಟ್ಟೆ ಹಾಕಿ ಕೂಡಿಸಿದವನು ತಾನು. ಸಹಿ ಹಾಕಿದರೆ ಸಂಬಳ ಉಳಿಯಿತು, ಹುಡುಗನ ಕೆಲಸ ಹೋಯಿತು, ಅಮ್ಮನ ಮುಂದೆ ಸುಳ್ಳುಗಾರನಾದ. ಹಾಕದಿದ್ದರೆ ಅಮ್ಮನಿಗೆ ಬಾಡಿಗೆ ಸಿಕ್ಕಿತು, ಹುಡುಗ ಉಳಿದ, ತಾನು ತಮ್ಮನ ಸಾಲ ತೀರಿಸಿದ ಅಣ್ಣನಾದ, ಮೇಲಿನ ಆಫೀಸಿನಲ್ಲಿ ಬಾಡಿಗೆ ಮುಳುಗಿಸಿದ ಆಫೀಸರನಾದ. ಅತ್ತ ದರಿ, ಇತ್ತ ಪುಲಿ. ಇಲ್ಲ, ಮೊದಲು ಹೇಳಿಬಿಡುವುದು, ಅಮ್ಮಾ, ಉದಯ್ ನನ್ನ ತಮ್ಮನಲ್ಲ, ತಪ್ಪಾಯಿತು, ಕಾಲಿಗೆ ಬೀಳಬೇಕಾದರೆ ಬೀಳುವುದು, ಆಮೇಲೆ ಸಹಿಯೋ ಗಿಹಿಯೋ. ಏಲೂರು ದಾಟುವಾಗ ಅಷ್ಟು ಗಟ್ಟಿಯಾಯಿತು. ಇಳಿಯುವಾಗ ಬಗ್ಗಿ ನೋಡಿದ, ಚಮ್ಕಿ ಚಪ್ಪಲಿಯ ಅಟ್ಟೆಗೆ ಅಂಟಿಕೊಂಡಿತ್ತು, ಉಗುರಿನಿಂದ ಕೆರೆದು ತೆಗೆಯಬೇಕಾಯಿತು.

ವಿಜಯವಾಡದ ಬಿಸಿಲು ಬೇರೆಯೇ, ವಿಶಾಖದಂತೆ ಸಮುದ್ರದ ಗಾಳಿಯ ಮುಲಾಜಿಲ್ಲ, ಆಟೋದವನಿಗೆ ಲಾಯರ್ ಆಫೀಸಿನ ಬದಲು ಭವಾನಿಪುರಂ ಎಂದ, ಬೆಟ್ಟದ ಬುಡ, ಬ್ಯಾರೇಜು, ನದಿಯ ಮೇಲೆ ಬಿಳಿ ಬೆಳಕು, ಪರಿಚಿತ ಬೀದಿ, ಪರಿಚಿತ ಗೇಟು, ಗೇಟಿನ ಮೇಲೆ ಬಾಡಿಗೆಗೆ ಇದೆ ಎಂಬ ಹಲಗೆ, ಕೆಳಗೆ ಸಣ್ಣಕ್ಷರದಲ್ಲಿ ಸಸ್ಯಾಹಾರಿಗಳಿಗೆ ಮಾತ್ರ. ಮುಂಬಾಗಿಲಿಗೆ ಬೀಗ. ಹಿಂದಿನಿಂದ ನೀರು ಬೀಳುವ ಸದ್ದು. ಯಾರದು — ಯಾರೂ ಅಲ್ಲ ಅಮ್ಮಾ, ನಾನು, ಭರತೇಶ. ನಲ್ಲಿ ನಿಂತಿತು. ರಾ ಬಾಬು, ಹಿಂದಿನಿಂದ ಬಾ. ಅವನು ಚಪ್ಪಲಿ ಬಿಟ್ಟ, ಬಿಡಬೇಕಾಗಿರಲಿಲ್ಲ, ರೂಢಿ. ಹೈಮಾವತಮ್ಮ ಒಗೆಯುವ ಕಲ್ಲಿನ ಆಚೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಕೂದಲು ಪೂರ್ತಿ ಬಿಳಿಯಾಗಿದೆ, ಬಯ್ಯುತ್ತಾಳೆ, ಬಯ್ಯಲಿ, ಬಯ್ದರೆ ಸುಲಭ. ಆಕೆ ಮೊದಲು ಕೇಳಿದ್ದು — ತಮ್ಮುಡು ಎಲಾ ಉನ್ನಾಡು? ತಮ್ಮ ಹೇಗಿದ್ದಾನೆ? ಚೆನ್ನಾಗಿದ್ದಾನಮ್ಮ. ಅಯ್ಯೋ, ಚೆನ್ನಾಗಿದ್ದಾನೆ ಎಂದುಬಿಟ್ಟೆ, ಎಲ್ಲಿ ಶುರು ಮಾಡಬೇಕೆಂದಿದ್ದೆ, ಎಲ್ಲಿ ಶುರುವಾಯಿತು. ಆಕೆಯ ತೆಲುಗು ಅವನೊಳಗೆ ಎಂದೋ ಕನ್ನಡವಾಗಿಬಿಟ್ಟಿದೆ, ಕೋಪ ಬಂದಿತ್ತು ಬಾಬು, ಇಲ್ಲ ಅನ್ನುವುದಿಲ್ಲ, ಮಾತ್ರೆಗೆ ಮಗನ ಕೈ ನೋಡುವ ಹಾಗಾಯಿತು, ಬಾಕಿ ಬಿದ್ದ ಮೇಲೆ ನೀನು ಒಂದು ಸಲವೂ ಬರಲಿಲ್ಲ, ಸಾಯಿ ಕೇಸು ಅಂದ, ಮನೆಯಲ್ಲಿರುವ ಹುಡುಗನ ಮೇಲೂ ಹಾಕೋಣ ಅಂದ, ನಾನೇ ಬೇಡವೆಂದೆ, ಚಿಕ್ಕವನು, ಹೊಸ ಕೆಲಸ, ಕೋರ್ಟು ಕಚೇರಿ ಅಂದರೆ ನಲುಗಿಹೋಗುತ್ತಾನೆ, ಒಂದೊಂದು ದಿನ ಒಬ್ಬನೇ ಕತ್ತಲಲ್ಲಿ ಕೂತು ಅಳುತ್ತಿದ್ದ ಗೊತ್ತಾ, ಅಣ್ಣನ ಮೇಲೊಂದೇ ಹಾಕು ಅಂದೆ, ಅಣ್ಣನಾದವನು ಹೊರುತ್ತಾನೆ. ಅಣ್ಣನಾದವನು. ಹೇಳಲೇಬೇಕು, ಈಗ ಹೇಳದಿದ್ದರೆ ಇನ್ನಿಲ್ಲ, ಅಮ್ಮಾ, ಉದಯ್ ನನ್ನ —

ತಮ್ಮನನ್ನು ಬಯ್ಯಬೇಡ, ಎಂದಳು ಆಕೆ, ಇವನ ಮಾತು ನಡುವೆಯೇ ಉಳಿಯಿತು, ಇನ್ನೊಂದು ವಿಷಯ ಇದೆ, ಹೇಳಬಾರದೆಂದಿದ್ದೆ, ಯಾರಾದರೂ ನಿನ್ನ ಕಿವಿಗೆ ಹಾಕುವುದಕ್ಕಿಂತ ನಾನೇ ಹೇಳುತ್ತೇನೆ, ಅವನು ಮೀನು ತಿನ್ನುತ್ತಿದ್ದ ಬಾಬು, ಹಾಸ್ಟೆಲಿನಲ್ಲಿ ಯಾರ ಸಹವಾಸವೋ, ನಿಮ್ಮಂಥ ಮನೆಯಲ್ಲಿ ಹುಟ್ಟಿ, ನನಗೆ ವಾಸನೆ ಬರುತ್ತಿರಲಿಲ್ಲವೇ, ಬೇರೆಯವರಾಗಿದ್ದರೆ ಆ ದಿನವೇ ಸಾಮಾನು ಹೊರಗೆ ಹಾಕಿಸುತ್ತಿದ್ದೆ, ನಿನ್ನ ಮುಖ ನೋಡಿ ಸುಮ್ಮನಿದ್ದೆ. ನೀನು ಒಂದು ಸಲ ಬಂದಿದ್ದೆಯಲ್ಲ, ಮಣಿ ಒಯ್ಯಲಿಕ್ಕೆ, ಇದೇ ಕಲ್ಲಿನ ಹತ್ತಿರ, ನಾನು ಇಳಿದು ಬರುತ್ತೇನೆ, ಕಲ್ಲಿನ ಈ ಮೂಲೆಯಲ್ಲಿ ಒಂದು ಪೊಲುಸು, ಮೀನಿನ ಹುರುಪೆ, ಬಿಸಿಲಿಗೆ ಫಳಫಳ ಅನ್ನುತ್ತಿದೆ, ಇವನ ಕಣ್ಣಿಗೆ ಬಿದ್ದರೆ ಮುಗಿಯಿತು, ಉಳ್ಳಿಪಾಯ ಮುಟ್ಟದವನು, ಇನ್ನು ತಮ್ಮನ ಮುಖ ನೋಡುವುದಿಲ್ಲ, ಒಡಹುಟ್ಟಿದವರು ನನ್ನ ಮನೆಯಲ್ಲಿ ಬೇರೆಯಾಗುವುದು ಬೇಡವೆಂದು — ಆಕೆ ನಕ್ಕಳು, ನಾಚಿದವಳ ಹಾಗೆ ಬಾಯಿಗೆ ಸೆರಗು ಹಿಡಿದಳು — ಅದರ ಮೇಲೆ ಕಾಲಿಟ್ಟು ನಿಂತೆ, ನಾನು, ಪೂಜೆಗೆ ಸ್ನಾನ ಮಾಡಿ ಬಂದವಳು, ಮೇಲೆ ಕುಕ್ಕರಿನಲ್ಲಿ ಬೇಳೆ ಹೊತ್ತಿ ಮಸಿಯಾಯಿತು, ನೀನು ಗೇಟು ದಾಟುವವರೆಗೆ ತೆಗೆಯಲಿಲ್ಲ. ಜೇಬಿನಲ್ಲಿ ಫೋನು ನಡುಗುತ್ತಿದೆ, ರಾಜ್ಯಲಕ್ಷ್ಮಿಯವರು, ಅಫಿಡವಿಟ್ಟು ತಯಾರಿದೆ ಎಲ್ಲಿದ್ದೀರಿ, ನಿಲ್ಲುತ್ತದೆ, ಮತ್ತೆ ನಡುಗುತ್ತದೆ, ನಿಜವನ್ನೇ ಬರೆದದ್ದು, ಒಂದು ಸಾಲು, ತಮ್ಮನಲ್ಲ ಅಂದರೆ ಆಕೆ ಆ ದಿನ ಯಾರಿಗಾಗಿ ನಿಂತಳು, ತಾನು ಯಾರಿಗಾಗಿ ನಿಂತಿದ್ದ, ತಾನು ಈ ಮೂಲೆಯಲ್ಲಿ, ಆಕೆ ಆ ಮೂಲೆಯಲ್ಲಿ, ಕುಕ್ಕರ್ ಕೂಗುತ್ತಿದೆ, ಇಬ್ಬರೂ ನಗುತ್ತಿದ್ದಾರೆ, ಸೆಕೆ ಹೇಗಿದೆ ಎಂದು ಕೇಳುತ್ತಿದ್ದಾರೆ, ಕಲ್ಲು ಒದ್ದೆಯಿದೆ, ಆಕೆಯ ಕಾಲು ಅಲ್ಲೇ ಇದೆ, ಅವನ ಬಲಗಾಲೂ ಅಲ್ಲೇ, ಯಾವಾಗ ಹೋಗಿ ಕೂತಿತೋ, ಆಕೆಯ ಕಾಲಡಿ ಒಂದು ಹುರುಪೆ, ಅವನ ಕಾಲಡಿ ಒಂದು ಹುರುಪೆ, ತೆಗೆಯಬೇಕು, ಯಾರಾದರೂ ಮೊದಲು ತೆಗೆಯಬೇಕು, ಹುರುಪೆ, ಉಗುರಗಲ, ಬಿಳಿಯೂ ಅಲ್ಲ, ನೀಲಿಯೂ ಅಲ್ಲ, ಕಾಲಡಿ ತಣ್ಣಗೆ —